ಪುಟ ತೆರೆದದ್ದಕ್ಕೆ ಕಂಪ್ಯೂಟರೇ ಮಗುಚಿದರೆ ತಪ್ಪು ಯಾರದ್ದು?

ಬ್ರೌಸರಿನಲ್ಲಿ ಏನೋ ಓದುತ್ತಾ ಕೂತಿರುತ್ತೀರಿ. ಇದ್ದಕ್ಕಿದ್ದಂತೆ ಮೌಸ್ ನಿಂತುಬಿಡುತ್ತದೆ, ಪರದೆ ನೀಲಿಯಾಗುತ್ತದೆ, ಕಂಪ್ಯೂಟರು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಆಗ ರಿಪೇರಿಯವನಿಂದ ಹಿಡಿದು ಮನೆಯ ಮಕ್ಕಳವರೆಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: “ಯಾವ ಸೈಟು ನೋಡ್ತಾ ಇದ್ರಿ?” ಈ ಪ್ರಶ್ನೆಯ ಮೇಲೆ ನನಗೆ ಬಹಳ ವರ್ಷಗಳಿಂದ ಒಂದು ಸಿಟ್ಟಿದೆ. ಇವತ್ತು ಅದನ್ನು ಬರೆದು ಹಗುರ ಮಾಡಿಕೊಳ್ಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ನನ್ನ ವಾದ ಇಷ್ಟೇ. ಒಂದು ವೆಬ್ ಪುಟ ತೆರೆದ ಮಾತ್ರಕ್ಕೆ ಇಡೀ ಆಪರೇಟಿಂಗ್ ಸಿಸ್ಟಂ ಬಿದ್ದುಹೋದರೆ ಅದು ಓದಿದವನ ತಪ್ಪಲ್ಲ. ಹೆಚ್ಚಿನ ಸಲ ಬ್ರೌಸರಿನ ತಪ್ಪೂ ಪೂರ್ತಿ ಅಲ್ಲ. ಬ್ರೌಸರು ಕೈಗೆ ಕೊಟ್ಟದ್ದನ್ನು ಪರೀಕ್ಷೆ ಮಾಡದೆ ನುಂಗಿದ, ಅದರ ಕೆಳಗಿನ ವ್ಯವಸ್ಥೆಯ ತಪ್ಪು.

ಮುಂಬಯಿಯ ಚಾಳಿನಲ್ಲೋ ಸೊಸೈಟಿಯಲ್ಲೋ ಬಾಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡನೇ ಮಾಳಿಗೆಯ ಶೆಟ್ಟರ ಮಿಕ್ಸಿ ಶಾರ್ಟ್ ಆದರೆ ಶೆಟ್ಟರ ಮನೆಯ ಫ್ಯೂಸು ಹೋಗಬೇಕು. ಇಡೀ ಬಿಲ್ಡಿಂಗು ಕತ್ತಲಾದರೆ ಸೆಕ್ರೆಟರಿ ಕೆಳಗಿನ ಮೀಟರ್ ರೂಮಿನ ವೈರಿಂಗ್ ನೋಡಲು ಹೋಗುತ್ತಾನೆ. ಶೆಟ್ಟರ ಬಾಗಿಲು ತಟ್ಟಿ “ಯಾವ ಚಟ್ನಿ ರುಬ್ತಾ ಇದ್ರಿ?” ಅಂತ ಕೇಳುವುದಿಲ್ಲ! ಕಂಪ್ಯೂಟರಿನಲ್ಲಿ ಈ ಮೀಟರ್ ರೂಮಿಗೆ ಕರ್ನೆಲ್ ಎನ್ನುತ್ತಾರೆ. ಬ್ರೌಸರು, ವರ್ಡು, ಹಾಡು ಕೇಳುವ ಪ್ಲೇಯರು ಇವೆಲ್ಲ ಮಾಳಿಗೆಯ ಮನೆಗಳು. ಮೀಟರ್ ರೂಮಿಗೆ ಕೈ ಹಾಕುವ ಅಧಿಕಾರ ಅವಕ್ಕಿಲ್ಲ. ಏನಾದರೂ ಬೇಕಿದ್ದರೆ ಕರ್ನೆಲ್ಲನ್ನು ಕೇಳಬೇಕು. ಕೇಳಿದ್ದು ಅಸಂಬದ್ಧವಾಗಿದ್ದರೆ “ಆಗೋದಿಲ್ಲ” ಎಂದು ಹೇಳುವುದು ಕರ್ನೆಲ್ಲಿನ ಕರ್ತವ್ಯ. ಪ್ರಾಣ ಬಿಡುವುದಲ್ಲ.

ಈಗ ಹಳೇ ಒಂದು ಫಾರ್ವರ್ಡ್ ಮೇಲ್ ನೆನಪಿಸಿಕೊಳ್ಳಿ. 2000ದ ದಶಕದಲ್ಲಿ ಆಫೀಸಿನಲ್ಲಿ ಈಮೇಲ್ ಇದ್ದ ಪ್ರತಿಯೊಬ್ಬರಿಗೂ ಇದು ಕನಿಷ್ಠ ನಾಲ್ಕು ಸಲ ಬಂದಿರಲೇಬೇಕು: “ಕಂಪ್ಯೂಟರಿನಲ್ಲಿ ಎಲ್ಲೂ ‘ಕಾನ್’ ಎಂಬ ಹೆಸರಿನ ಫೋಲ್ಡರ್ ಮಾಡಲಾಗುವುದಿಲ್ಲ ಎಂದು ಒಬ್ಬ ಭಾರತೀಯ ಕಂಡುಹಿಡಿದ. ಬಿಲ್ ಗೇಟ್ಸ್‌ಗೂ ಇದರ ಕಾರಣ ಗೊತ್ತಿಲ್ಲ!” ನಾವೆಲ್ಲ ಮಾಡಿ ನೋಡಿದ್ದೇ ನೋಡಿದ್ದು, ಹೌದಪ್ಪ, ಆಗುವುದೇ ಇಲ್ಲ... ನಿಜ ಏನೆಂದರೆ ಕಾರಣ ಮೈಕ್ರೋಸಾಫ್ಟಿನವರಿಗೆ ಚೆನ್ನಾಗಿಯೇ ಗೊತ್ತಿತ್ತು. ಡಾಸ್ ಕಾಲದಿಂದಲೂ ‘ಕಾನ್’ ಎಂದರೆ ಕನ್ಸೋಲ್, ಅಂದರೆ ಕೀಬೋರ್ಡು ಮತ್ತು ಪರದೆ. ‘ಪಿಆರ್‌ಎನ್’ ಎಂದರೆ ಪ್ರಿಂಟರು, ‘ನಲ್’ ಎಂದರೆ ಕಸದ ಬುಟ್ಟಿ. ಇವು ಸಾಧನಗಳಿಗೆ ಮೀಸಲಿಟ್ಟ ಹೆಸರುಗಳು, ಹಾಗಾಗಿ ಫೋಲ್ಡರಿಗೆ ಇಡುವ ಹಾಗಿಲ್ಲ. ಅಷ್ಟೇ ಪವಾಡ.

ಆದರೆ ಆ ಮೇಲ್ ಬರೆದವನಿಗೆ ಗೊತ್ತಿಲ್ಲದ ಒಂದು ಸಂಗತಿ ಈ ಹೆಸರಿನ ಹಿಂದೆ ಇತ್ತು. ವಿಂಡೋಸ್ 95 ಮತ್ತು 98ರಲ್ಲಿ ಒಂದೇ ವಿಳಾಸದಲ್ಲಿ ಇಂಥ ಹೆಸರು ಎರಡು ಸಲ ಬಂದರೆ, ಅಂದರೆ ‘ಸಿ:\ಕಾನ್\ಕಾನ್’ ಎಂದು ಕೇಳಿದರೆ, ಆ ಸಿಸ್ಟಂ “ಹೀಗೊಂದು ಫೈಲಿಲ್ಲ” ಎನ್ನುವ ಬದಲು ನೀಲಿ ಪರದೆ ತೋರಿಸಿ ಕುಸಿಯುತ್ತಿತ್ತು. ಒಂದು ಸಲ ಬಂದರೆ ಏನು ಮಾಡಬೇಕೆಂದು ಬರೆದವರು ಎರಡು ಸಲ ಬಂದರೆ ಏನು ಎಂದು ಯೋಚಿಸಿರಲಿಲ್ಲ. ವೆಬ್ ಪುಟದಲ್ಲಿ ಚಿತ್ರದ ವಿಳಾಸವಾಗಿ ಇದನ್ನು ಬರೆದರೆ ಸಾಕಿತ್ತು. ಪುಟ ತೆರೆದವನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಪಾಪ ಆ ಚಿತ್ರ ಹುಡುಕಲು ಹೋಗಿ ಇಡೀ ಯಂತ್ರವನ್ನು ಮಲಗಿಸುತ್ತಿತ್ತು. ಎಚ್‌ಟಿಎಂಎಲ್ ಈಮೇಲಿನಲ್ಲೂ ಇದೇ ಕಥೆ. 2000ದ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ತೇಪೆ ಬಿಡುಗಡೆ ಮಾಡಿತು. ಆದರೆ ನಿಮಿಷಕ್ಕಿಷ್ಟು ಎಂದು ಡಯಲ್‌ಅಪ್ ಲೆಕ್ಕ ಹಾಕುತ್ತಿದ್ದ ನಮ್ಮವರಲ್ಲಿ ಎಷ್ಟು ಜನ ಅದನ್ನು ಇಳಿಸಿಕೊಂಡಿರಬಹುದು, ನೀವೇ ಹೇಳಿ.

ನನ್ನ ಸಿಟ್ಟಿನ ಮೂಲ ಇಲ್ಲೇ ಇದೆ. ನಮ್ಮ ಕಡೆಯ ಕನ್ನಡ ಸಂಘದಲ್ಲಿ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಇದ್ದರು. ಅರವತ್ತು ದಾಟಿದ ಮೇಲೆ ಕಂಪ್ಯೂಟರು ಕಲಿತು, ಬರಹ ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಕುಟ್ಟಿ, 2001ರಲ್ಲಿ ಸಂಘದ ಸ್ಮರಣ ಸಂಚಿಕೆಯ ಲೇಖನಗಳನ್ನು ಟೈಪ್ ಮಾಡುತ್ತಿದ್ದರು. ಆ ಯುಗಾದಿಗೆ ಯಾರೋ ಕಳಿಸಿದ ಶುಭಾಶಯದ ಮೇಲ್ ತೆರೆದಾಗಲೆಲ್ಲ ಅವರ ಯಂತ್ರ ನೀಲಿಯಾಗುತ್ತಿತ್ತು. ರಿಪೇರಿ ಅಂಗಡಿಯ ಹುಡುಗ ಬಂದ, ಒಂದು ನಗೆ ನಕ್ಕ, “ಅಂಕಲ್, ಯಾವ ಯಾವ ಸೈಟು ನೋಡ್ತೀರಿ?” ಎಂದು ಹಿಂದಿಯಲ್ಲಿ ಕೇಳಿದ. ಹೆಂಡತಿ, ಸೊಸೆ ಇಬ್ಬರೂ ಅಲ್ಲೇ ನಿಂತಿದ್ದರು. ಆಮೇಲೆ ವೈರಸ್ ಎಂದು ತೀರ್ಪು ಕೊಟ್ಟು, ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ, ಐನೂರು ರೂಪಾಯಿ ತೆಗೆದುಕೊಂಡು ಹೋದ. ಸಂಚಿಕೆಯ ನಲವತ್ತು ಪುಟ ಹೋಯಿತು. ಫಾರ್ಮ್ಯಾಟ್ ಆದ ಮೇಲೂ ಆ ಮೇಲ್ ತೆರೆದರೆ ಯಂತ್ರ ಬೀಳುತ್ತಿತ್ತು ಅನ್ನಿ! ಅದನ್ನು ನನಗೆ ಕಳಿಸಿ ಎಂದೆ. ಆಫೀಸಿನ ವಿಂಡೋಸ್ ಎನ್‌ಟಿ ಯಂತ್ರಕ್ಕೆ ಈ ಕಾಯಿಲೆ ಇರಲಿಲ್ಲ. ಅಲ್ಲಿ ಪುಟದ ಮೂಲ ತೆರೆದು ನೋಡಿದರೆ ಮಾವಿನ ತೋರಣದ ಚಿತ್ರದ ಕೆಳಗೆ ಇನ್ನೊಂದು ಚಿತ್ರದ ವಿಳಾಸ, ಕಾನ್ ಕಾನ್. ಯಾರದೋ ಕುಚೇಷ್ಟೆ. ಅವರಿಗೆ ವಿವರಿಸಿ ಹೇಳಿದೆ. “ಇದನ್ನ ನಮ್ಮ ಮನೆಯವರಿಗೂ ಸ್ವಲ್ಪ ಹೇಳ್ತೀರಾ?” ಎಂದಷ್ಟೇ ಕೇಳಿದರು. ಮತ್ತೆ ಅವರು ಆ ಸಂಚಿಕೆ ಟೈಪ್ ಮಾಡಲಿಲ್ಲ.

ಇರಲಿ. ಆ ಕಾಲದ ವಿಂಡೋಸ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಬ್ರೌಸರನ್ನು ಮನೆಯ ಗೋಡೆಗೇ ಸೇರಿಸಿ ಕಟ್ಟಿದ್ದು ಒಂದು ವ್ಯಾಪಾರದ ನಿರ್ಧಾರ. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟಿನ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಕಂಪನಿಯ ದೊಡ್ಡ ವಾದವೇ ಇದು: ಎಕ್ಸ್‌ಪ್ಲೋರರ್ ವಿಂಡೋಸಿನ ಅವಿಭಾಜ್ಯ ಅಂಗ, ಕಿತ್ತರೆ ವಿಂಡೋಸೇ ಹಾಳಾಗುತ್ತದೆ. ನೆಟ್‌ಸ್ಕೇಪನ್ನು ಹೊಡೆಯಲು ಇದು ಒಳ್ಳೆಯ ಉಪಾಯವಾಗಿತ್ತು. ಬಳಸುವವನಿಗೆ ಸಿಕ್ಕಿದ್ದೇನು? ಫೋಲ್ಡರು ತೋರಿಸುವುದೂ ಅದೇ, ಡೆಸ್ಕ್‌ಟಾಪ್ ತೋರಿಸುವುದೂ ಅದೇ, ವೆಬ್ ಪುಟ ತೋರಿಸುವುದೂ ಅದೇ. ಒಂದು ಪುಟ ಸಿಕ್ಕಿಹಾಕಿಕೊಂಡರೆ ಕೆಳಗಿನ ಟಾಸ್ಕ್‌ಬಾರು, ಪರದೆಯ ಐಕಾನುಗಳು ಎಲ್ಲ ಮಾಯ! ಸೈಬರ್ ಕೆಫೆಯಲ್ಲಿ ಅರ್ಧ ಗಂಟೆಗೆ ದುಡ್ಡು ಕೊಟ್ಟು ಕೂತವರಿಗೆ ಈ ಮಾಯಾಜಾಲ ಚೆನ್ನಾಗಿ ನೆನಪಿರುತ್ತದೆ.

“ಅಯ್ಯೋ, ವಿಂಡೋಸ್ 98ರ ಪುರಾಣ ಈಗ ಯಾಕೆ ಮಾರಾಯ್ರೆ?” ಎನ್ನಬೇಡಿ. ಹದಿನೇಳು ವರ್ಷದ ನಂತರ, 2017ರ ಮೇ ತಿಂಗಳಲ್ಲಿ, ವಿಂಡೋಸ್ 7 ಮತ್ತು 8.1ರಲ್ಲಿ ಅದೇ ಜಾತಿಯ ದೋಷ ಮತ್ತೆ ಸಿಕ್ಕಿತು. ಹಾರ್ಡ್ ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಒಂದು ಗುಪ್ತ ದಾಖಲೆ ಇದೆ, ಹೆಸರು ‘ಡಾಲರ್ ಎಂಎಫ್‌ಟಿ’. ಅದನ್ನು ಫೋಲ್ಡರ್ ಎಂಬಂತೆ ವಿಳಾಸದಲ್ಲಿ ಬರೆದು ಅದರೊಳಗಿನ ಯಾವುದೋ ಇಲ್ಲದ ಫೈಲು ಕೇಳಿದರೆ, ಸಿಸ್ಟಂ ಆ ದಾಖಲೆಗೆ ಬೀಗ ಹಾಕಿ ತೆಗೆಯುವುದನ್ನು ಮರೆಯುತ್ತಿತ್ತು. ಮುಂದೆ ಯಾವ ಪ್ರೋಗ್ರಾಂ ಯಾವ ಫೈಲು ಕೇಳಿದರೂ ಸಾಲಿನಲ್ಲಿ ನಿಲ್ಲಬೇಕು, ಸಾಲು ಮುಂದೆ ಹೋಗುವುದೇ ಇಲ್ಲ. ಯಂತ್ರ ಸ್ತಬ್ಧ, ಕೆಲವೊಮ್ಮೆ ನೀಲಿ ಪರದೆ. ಇದನ್ನೂ ವೆಬ್ ಪುಟದ ಚಿತ್ರದ ವಿಳಾಸವಾಗಿ ಕೊಡಬಹುದಿತ್ತು. ಕ್ರೋಮ್, ಫೈರ್‌ಫಾಕ್ಸ್‌ನವರು ಹೊರಗಿನ ಪುಟಗಳು ನಮ್ಮ ಡಿಸ್ಕಿನ ಫೈಲು ಮುಟ್ಟುವುದನ್ನು ತಡೆದಿದ್ದರು. ಎಕ್ಸ್‌ಪ್ಲೋರರ್ ತಡೆಯಲಿಲ್ಲ. ಅವಿಭಾಜ್ಯ ಅಂಗ ತಾನೇ.

ಮೂರನೆಯದು 2021ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು, ಈ ಸಲ ವಿಂಡೋಸ್ 10. ಕನ್ಸೋಲಿನ ಒಂದು ಒಳಗಿನ ಡ್ರೈವರಿನ ವಿಳಾಸವನ್ನು ಕ್ರೋಮ್ ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಬರೆದು ಎಂಟರ್ ಒತ್ತಿದರೆ ತಕ್ಷಣ ನೀಲಿ ಪರದೆ. ಅಡ್ಮಿನಿಸ್ಟ್ರೇಟರ್ ಅಧಿಕಾರವೂ ಬೇಡ. ಆ ಡ್ರೈವರಿಗೆ ಜೊತೆಯಲ್ಲಿ ಇನ್ನೊಂದು ಮಾಹಿತಿ ಬೇಕು, ಅದು ಬಾರದಿದ್ದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ಜೊನಾಸ್ ಲಿಕ್ಕೆಗಾರ್ಡ್ ಎಂಬ ಸಂಶೋಧಕ ಇದನ್ನು ಹಿಂದಿನ ಅಕ್ಟೋಬರಿನಿಂದಲೇ ಟ್ವಿಟರಿನಲ್ಲಿ ಹೇಳುತ್ತಾ ಬಂದಿದ್ದ. ಪತ್ರಿಕೆಗಳಲ್ಲಿ ಬಂದ ಮೇಲೆ, ಫೆಬ್ರವರಿಯಲ್ಲಿ ತೇಪೆ ಬಂತು. 2000, 2017, 2021. ಗಮನಿಸಿ, ಮತ್ತೆ ಕನ್ಸೋಲೇ! ಇಪ್ಪತ್ತೊಂದು ವರ್ಷದಲ್ಲಿ ಮೂರು ಸಲ ಒಂದೇ ಪಾಠ.

ಈ ನಡುವೆ ಬ್ರೌಸರಿನವರು ಸುಮ್ಮನೆ ಕೂತಿರಲಿಲ್ಲ. ಅವರಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2008ರ ಸೆಪ್ಟೆಂಬರಿನಲ್ಲಿ ಬಂದ ಕ್ರೋಮ್ ಪ್ರತಿ ಟ್ಯಾಬನ್ನೂ ಬೇರೆ ಬೇರೆ ಪ್ರಕ್ರಿಯೆಯಾಗಿ ಓಡಿಸಿತು. ಒಂದು ಸತ್ತರೆ ಪಕ್ಕದ್ದು ಬದುಕುತ್ತದೆ. ಫೈರ್‌ಫಾಕ್ಸ್ ಈ ದಾರಿಗೆ ಬರಲು 2016 ಆಯಿತು, ತಡವಾದರೂ ಬಂತು. ಅಂದರೆ ಮಾಳಿಗೆಯವರು ತಮ್ಮ ತಮ್ಮ ಕೋಣೆಗೂ ಬೇರೆ ಬೇರೆ ಫ್ಯೂಸು ಹಾಕಿಸಿಕೊಂಡರು. ಮೀಟರ್ ರೂಮಿನಲ್ಲಿ ಮಾತ್ರ ಇನ್ನೂ ಬೆತ್ತಲೆ ವೈರುಗಳು ನೇತಾಡುತ್ತಿದ್ದವು.

ಅದರಲ್ಲೂ ಚಿತ್ರ ಬಿಡಿಸುವ ಭಾಗದಲ್ಲಿ. 2011ರ ಡಿಸೆಂಬರಿನಲ್ಲಿ ಸಿಕ್ಕ ದೋಷವೊಂದು ನನಗೆ ಬಹಳ ಇಷ್ಟ. 64 ಬಿಟ್ ವಿಂಡೋಸ್ 7ರಲ್ಲಿ ಆಪಲ್‌ನವರ ಸಫಾರಿ ಬ್ರೌಸರು. ಪುಟದೊಳಗೆ ಒಂದು ಚೌಕಟ್ಟು, ಅದರ ಎತ್ತರ ಒಂದೂಮುಕ್ಕಾಲು ಕೋಟಿಗೂ ಮೀರಿದ ಪಿಕ್ಸೆಲ್. ಅಂದಿನ ಮಾನಿಟರಿನ ಎತ್ತರ ಒಂದು ಸಾವಿರದ ಆಸುಪಾಸು! ಸಫಾರಿ ಆ ಸಂಖ್ಯೆಯನ್ನು ಹಾಗೇ ಕೆಳಗೆ ದಾಟಿಸಿತು, ವಿಂಡೋಸಿನ ‘ವಿನ್32ಕೆ’ ಎಂಬ ಕರ್ನೆಲ್ ಭಾಗ ಅದನ್ನು ಹಾಗೇ ನಂಬಿ ಕುಸಿಯಿತು. ಬೇರೆ ಬ್ರೌಸರುಗಳಲ್ಲಿ ಏನೂ ಆಗಲಿಲ್ಲವಾದ್ದರಿಂದ “ಸಫಾರಿ ಬಗ್” ಎಂದು ಜನ ನಕ್ಕರು. ಆದರೆ 2012ರ ಫೆಬ್ರವರಿಯಲ್ಲಿ ತೇಪೆ ಹಾಕಿದ್ದು ಮೈಕ್ರೋಸಾಫ್ಟ್, ತನ್ನದೇ ಕರ್ನೆಲ್ಲಿಗೆ. ಹುಚ್ಚು ಸಂಖ್ಯೆ ಕೇಳಿದ್ದು ಮಾಳಿಗೆಯವನ ಮಂಕುತನ. ಅದಕ್ಕೆ ಬಿಲ್ಡಿಂಗೇ ಬಿದ್ದದ್ದು ಯಾರ ಮಂಕುತನ?

ಅದೇ 2011ರಲ್ಲಿ ವೆಬ್‌ಜಿಎಲ್ ಎಂಬ ತಂತ್ರ ಬಂತು. ವೆಬ್ ಪುಟವೇ ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಕೊಡುವ ವಿದ್ಯೆ, ಆಟಗಳಿಗೆ, ಮೂರು ಆಯಾಮದ ನಕ್ಷೆಗಳಿಗೆ. ಕಾರ್ಡಿನ ಡ್ರೈವರಿನ ಒಂದು ಭಾಗ ಕರ್ನೆಲ್ಲಿನೊಳಗೇ ವಾಸ. ಆ ಡ್ರೈವರುಗಳನ್ನು ಬರೆದವರು ಗೊತ್ತಿರುವ ಆಟಗಳಿಗಾಗಿ ಬರೆದದ್ದು, ಲೋಕದ ಯಾವುದೋ ಮೂಲೆಯ ಅಪರಿಚಿತನ ಪುಟಕ್ಕಾಗಿ ಅಲ್ಲ. ಕೆಲಸ ವಿಪರೀತವಾದರೆ ಯಂತ್ರವೇ ಸಿಕ್ಕಿಕೊಳ್ಳಬಹುದು ಎಂದು ಬ್ರಿಟನ್ನಿನ ಕಾಂಟೆಕ್ಸ್ಟ್ ಎಂಬ ಸಂಸ್ಥೆ ಆ ಮೇ ತಿಂಗಳಲ್ಲಿ ಎಚ್ಚರಿಸಿತು. ಜೂನಿನಲ್ಲಿ ಮೈಕ್ರೋಸಾಫ್ಟ್ ಕೂಡ ಇದು ಅಪಾಯಕಾರಿ, ನಾವು ಒಪ್ಪುವುದಿಲ್ಲ ಎಂದು ಬರೆಯಿತು. ಎರಡೇ ವರ್ಷ, 2013ರ ಎಕ್ಸ್‌ಪ್ಲೋರರ್ 11ರಲ್ಲಿ ತಾವೇ ಸೇರಿಸಿಕೊಂಡರು! ನಾನು ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಅವರ ಆಕ್ಷೇಪ ಸರಿಯಿತ್ತು, ಪರಿಹಾರ ಮಾತ್ರ ಬೇರೆ ಇತ್ತು. ಪುಟವನ್ನು ನಿಷೇಧಿಸುವುದಲ್ಲ, ಕೆಳಗಿನ ಡ್ರೈವರನ್ನು ಗಟ್ಟಿ ಮಾಡುವುದು. ವಿಸ್ಟಾ ಕಾಲದಿಂದಲೇ ವಿಂಡೋಸಿನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ: ಗ್ರಾಫಿಕ್ಸ್ ಕಾರ್ಡು ಎರಡು ಸೆಕೆಂಡು ಉತ್ತರ ಕೊಡದಿದ್ದರೆ ಡ್ರೈವರನ್ನು ಮಾತ್ರ ಎಬ್ಬಿಸಿ ಕೂರಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುತ್ತದಲ್ಲ, ಅದೇ. ಹೀಗಿರಬೇಕು ಕೆಲಸ.

ಆಪಲ್‌ನವರೇನೂ ಸಾಚಾ ಅಲ್ಲ. 2018ರ ಸೆಪ್ಟೆಂಬರಿನಲ್ಲಿ ಸಾಬ್ರಿ ಹದ್ದೂಶ್ ಎಂಬಾತ ಬರೀ ಹದಿನೈದು ಸಾಲಿನ ಪುಟವೊಂದನ್ನು ತೋರಿಸಿದ. ಹಿನ್ನೆಲೆ ಮಸುಕು ಮಾಡುವ ಒಂದು ಅಲಂಕಾರವನ್ನು ಒಂದರೊಳಗೊಂದರಂತೆ ರಾಶಿ ಹಾಕಿದ್ದ. ತೆರೆದರೆ ಐಫೋನು ರೀಸ್ಟಾರ್ಟ್! ಐಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ಉಪಯೋಗವಿರಲಿಲ್ಲ. ಆಗ ಅಲ್ಲಿ ಎಲ್ಲ ಬ್ರೌಸರೂ ಒಳಗೆ ಆಪಲ್‌ನ ವೆಬ್‌ಕಿಟ್ಟನ್ನೇ ಬಳಸಬೇಕೆಂಬ ನಿಯಮ. ಬೋರ್ಡು ಬೇರೆ, ಅಡುಗೆಮನೆ ಒಂದೇ.

ಅದೇ ವರ್ಷದ ಫೆಬ್ರವರಿಯ ಕಥೆ ಬ್ರೌಸರಿನದ್ದಲ್ಲ, ಕರ್ನೆಲ್ಲಿನದ್ದೂ ಅಲ್ಲ, ಆದರೂ ಹೇಳದೆ ಇರಲಾರೆ, ಹೈದರಾಬಾದಿನ ನಮ್ಮವರಿಗೆ ನೆನಪಿರುತ್ತದೆ. ಒಂದೇ ಒಂದು ತೆಲುಗು ಅಕ್ಷರ ತೋರಿಸಬೇಕಾದ ಆಪ್ ಕುಸಿಯುತ್ತಿತ್ತು. ಅದು ನೋಟಿಫಿಕೇಶನ್ನಿನಲ್ಲಿ ಬಂದರೆ ಐಫೋನಿನ ಮುಖಪರದೆಯೇ ಬಿದ್ದು ಎದ್ದು ಮತ್ತೆ ಬೀಳುತ್ತಿತ್ತು. ಯಾವ ಅಕ್ಷರ ಗೊತ್ತಾ? ಜ್ಞಾನದ ‘ಜ್ಞಾ’! ಜಕಾರ, ಒತ್ತು, ಞಕಾರ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ, ಆಮೇಲೆ ದೀರ್ಘ. ಇಂಗ್ಲಿಷಿನ ಅಕ್ಷರವೊಂದು ಹೀಗೆ ಮಾಡಿದ್ದರೆ ಆ ಫೋನು ಕಾರ್ಖಾನೆಯ ಬಾಗಿಲು ದಾಟುತ್ತಿರಲಿಲ್ಲ. ನಮ್ಮ ಲಿಪಿಗಳನ್ನು ಪರೀಕ್ಷೆ ಮಾಡುವುದು ಕೊನೆಯಲ್ಲಿ, ಅದೂ ನಮ್ಮ ಕೈಯಲ್ಲಿ. ಫೆಬ್ರವರಿ 19ಕ್ಕೆ ತೇಪೆ ಬಂತು, ಅಷ್ಟರೊಳಗೆ ಜನ ಇದನ್ನು ಸ್ನೇಹಿತರ ಫೋನು ಕೆಡಿಸುವ ಆಟ ಮಾಡಿಕೊಂಡಾಗಿತ್ತು.

ಬ್ರೌಸರೇ ನೇರ ಅಪರಾಧಿಯಾದದ್ದೂ ಉಂಟು, ಮುಚ್ಚಿಡುವುದು ನ್ಯಾಯವಲ್ಲ. 2019ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡಿನ ಸಂಕಲನಕಾರರ ಮ್ಯಾಕ್ ಯಂತ್ರಗಳು ಒಂದಾದ ಮೇಲೊಂದು ಎದ್ದೇಳದಾದವು. ಅವರೆಲ್ಲ ಬಳಸುತ್ತಿದ್ದುದು ಆವಿಡ್ ತಂತ್ರಾಂಶ, ಆದ್ದರಿಂದ ಮೊದಲು ಆವಿಡ್ ಮೇಲೆ ಅನುಮಾನ. ಕೊನೆಗೆ ಸಿಕ್ಕಿಬಿದ್ದದ್ದು ಕ್ರೋಮ್ ಬ್ರೌಸರನ್ನು ಹಿನ್ನೆಲೆಯಲ್ಲಿ ನವೀಕರಿಸುವ ಗೂಗಲ್‌ನ ಪುಟ್ಟ ಪ್ರೋಗ್ರಾಂ. ಅದು ಸಿಸ್ಟಂನ ಒಂದು ಮುಖ್ಯ ಕೊಂಡಿಯನ್ನೇ ಅಳಿಸಿಹಾಕಿತ್ತು. 2015ರಿಂದ ಮ್ಯಾಕ್‌ನಲ್ಲಿ ಇಂಥದ್ದನ್ನು ತಡೆಯುವ ಕಾವಲು ಇದೆ. ಅದನ್ನು ಆಫ್ ಮಾಡಿಕೊಂಡಿದ್ದ ಯಂತ್ರಗಳು ಮಾತ್ರ ಬಿದ್ದವು. ಅಂದರೆ ಇಲ್ಲೂ, ಕೆಳಗಿನ ಗೋಡೆ ಗಟ್ಟಿ ಇದ್ದವರು ಬದುಕಿದರು.

ಈಗ ನನ್ನ ಜಗಳ ಯಾರ ಜೊತೆ ಎಂದು ಹೇಳುತ್ತೇನೆ. ಭದ್ರತಾ ಲೋಕದಲ್ಲಿ ದೋಷಗಳಿಗೆ ಜಾತಿಪದ್ಧತಿ ಇದೆ. ಗುಟ್ಟು ಕದಿಯುವ ದೋಷ ಮೇಲ್ಜಾತಿ, ಅದಕ್ಕೆ ಬಹುಮಾನ, ತುರ್ತು ತೇಪೆ. ಬರೀ ಬೀಳಿಸುವ ದೋಷಕ್ಕೆ ‘ಡಿನಯಲ್ ಆಫ್ ಸರ್ವಿಸ್’ ಎಂದು ಹೆಸರಿಟ್ಟು ಪಕ್ಕಕ್ಕೆ ಕೂರಿಸುತ್ತಾರೆ. ಇವು ಭದ್ರತೆಯ ದೋಷವಲ್ಲ ಎಂದು ಕ್ರೋಮಿಯಂ ಯೋಜನೆಯವರು ತಮ್ಮ ಪ್ರಶ್ನೋತ್ತರದಲ್ಲೇ ಬರೆದಿಟ್ಟಿದ್ದಾರೆ. ಟ್ಯಾಬಿನ ಮಟ್ಟಿಗೆ ನಾನೂ ಒಪ್ಪುತ್ತೇನೆ. ಟ್ಯಾಬು ಸತ್ತರೆ ಮುಚ್ಚಿ ಮುಂದೆ ಹೋಗಬಹುದು. ಆದರೆ ಪುಟವೊಂದು ಇಡೀ ಯಂತ್ರವನ್ನು ಬೀಳಿಸಿದರೆ ಅದನ್ನೂ ಅದೇ ಡಬ್ಬಿಗೆ ಹಾಕುವುದು ಅನ್ಯಾಯ. ಗುಟ್ಟು ಹೋಗದಿರಬಹುದು, ಸೇವ್ ಮಾಡದ ನಲವತ್ತು ಪುಟ ಹೋಗುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ತತ್ಕಾಲ್ ಟಿಕೆಟ್ಟಿಗೆ ಕೂತವನ ಹುಬ್ಬಳ್ಳಿ ಗಾಡಿ ಹೋಗುತ್ತದೆ. ಜೊತೆಗೆ, ಹೇಳಿದೆನಲ್ಲ, ಸೊಸೆಯ ಎದುರಿಗೆ ಒಬ್ಬರ ಮಾನ. ಇದರ ಬೆಲೆ ಯಾರ ಪಟ್ಟಿಯಲ್ಲೂ ಇಲ್ಲ. ಕರ್ನೆಲ್ ಬಿದ್ದರೆ ಏನಾಗುತ್ತದೆ ಎಂದು ಲೋಕಕ್ಕೆ ತಿಳಿದದ್ದು 2024ರ ಜುಲೈ 19ರಂದು. ಅದಕ್ಕೆ ಬ್ರೌಸರಿನ ಸಂಬಂಧವಿಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯದೇ ಒಂದು ಕೆಟ್ಟ ಅಪ್‌ಡೇಟು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅಲ್ಲಿ ಮಾತ್ರ ಯಾರೂ ಪ್ರಯಾಣಿಕರನ್ನು ಯಾವ ಸೈಟು ನೋಡ್ತಾ ಇದ್ರಿ ಎಂದು ಕೇಳಲಿಲ್ಲ!

ಅಂದಹಾಗೆ, 2025ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ರ ನೀಲಿ ಪರದೆಯನ್ನು ಕಪ್ಪು ಮಾಡಿತು. ಬಣ್ಣ ಬದಲಾದದ್ದರಿಂದ ಬೀಳುವುದು ನಿಲ್ಲುವುದಿಲ್ಲ ಬಿಡಿ, ಆದರೆ ಆ ಪರದೆಯಲ್ಲಿ ಒಂದು ಒಳ್ಳೆಯ ಗುಣವಿದೆ. ಕುಸಿತದ ಸಂಕೇತದ ಜೊತೆ, ಗೊತ್ತಾದರೆ, ಬಿದ್ದ ಡ್ರೈವರಿನ ಹೆಸರನ್ನೂ ತೋರಿಸುತ್ತದೆ, ಚುಕ್ಕಿ ಎಸ್‌ವೈಎಸ್ ಎಂದು ಮುಗಿಯುವ ಹೆಸರು. ಅದು ಮಾಯವಾಗುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ರಿಪೇರಿಯವನು ಬಂದು ಬಾಯಿ ತೆರೆಯುವ ಮುಂಚೆ ಅದನ್ನು ಅವನ ಮುಂದೆ ಹಿಡಿಯಿರಿ. ಮೊದಲು ಈ ಹೆಸರಿನವನನ್ನು ವಿಚಾರಿಸಪ್ಪಾ, ಫಾರ್ಮ್ಯಾಟ್ ವಿಷಯ ಆಮೇಲೆ ಮಾತಾಡೋಣ ಅನ್ನಿ.